ಕೆಂಪು ಗುಳಿಗೆಯ ಹಿಂದಿನ ಸುಬ್ಬರಾವ್

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ನೀಡಲಾಗುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದೊಂದಿಗೆ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುತ್ತದೆ. ಈ ಆಮ್ಲವನ್ನು ಕೃತಕವಾಗಿ ತಯಾರಿಸಿದ ತಂಡದ ನಾಯಕರು ಡಾ. ಯಲ್ಲಾಪ್ರಗಡ ಸುಬ್ಬರಾವ್. 1895ರ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂನಲ್ಲಿ ಜನಿಸಿದವರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಅದೇ ಕರಾವಳಿ ಆಂಧ್ರದಿಂದ ಬಂದ ರೈತರು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. ಆ ನಂಟಿನಿಂದ ನೋಡಿದರೆ ಸುಬ್ಬರಾವ್ ನಮಗೆ ತೀರಾ ದೂರದವರಲ್ಲ.

ಬಾಲ್ಯ ಬಡತನದ್ದು. ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಮನೆ ಬಿಟ್ಟು ಹೊರಟ ಹುಡುಗನನ್ನು ತಾಯಿ ಹಿಂದಕ್ಕೆ ಕರೆತಂದರು. ಮೆಟ್ರಿಕ್ಯುಲೇಷನ್ ದಾಟಿದ್ದು ಮೂರನೆಯ ಯತ್ನದಲ್ಲಿ. ಮದ್ರಾಸು ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಎಂಬಿಬಿಎಸ್ ಬದಲಿಗೆ ಎಲ್‌ಎಂಎಸ್ ಪದವಿಯಷ್ಟೇ ದಕ್ಕಿತು.

ಅವರ ಬದುಕಿನ ದಿಕ್ಕು ಬದಲಿಸಿದ್ದು ಸ್ಪ್ರೂ ಎಂಬ ಕರುಳಿನ ಬೇನೆ. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸೋದರರನ್ನು ಅದು ಬಲಿ ತೆಗೆದುಕೊಂಡಿತು. ಸ್ವತಃ ಅವರನ್ನೂ ಕಾಡಿತು. ಈ ರೋಗದಲ್ಲಿ ಕರುಳು ಪೋಷಕಾಂಶಗಳನ್ನು ಹೀರಿಕೊಳ್ಳದೆ ರಕ್ತ ಬತ್ತುತ್ತದೆ. ಇದರ ಒಳಮರ್ಮ ಇಂದು ನಮಗೆ ತಿಳಿದಿದೆ. ಆರೋಗ್ಯವಂತನ ಅಸ್ಥಿಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸುತ್ತವೆ. ಅದು ಮಜ್ಜೆಯ ಎಳೆಯ ಕಣಗಳಿಗೆ ಅಂಟಿಕೊಂಡು, ಅವು ಸಾಯದಂತೆ ಕಾಯ್ದು ಬೆಳೆಸುತ್ತದೆ. ಬಿಳಿ ರಕ್ತಕಣಗಳಿಗೆ ಬೇರೆ ಸಂಕೇತಗಳಿವೆ. ಆದರೆ ಫೋಲಿಕ್ ಆಮ್ಲವಿಲ್ಲದೆ ಕಣಗಳಲ್ಲಿ ಹೊಸ ಡಿಎನ್‌ಎ ಸಿದ್ಧವಾಗದು. ಅವು ಅಸಹಜವಾಗಿ ಊದಿಕೊಂಡು ಮಜ್ಜೆಯೊಳಗೇ ಸಾಯುತ್ತವೆ. ಜಲಾಶಯವೇ ಬರಿದಾದಾಗ ಕಾಲುವೆಗೆ ನೀರು ಬಿಡಲು ಎಷ್ಟು ಆದೇಶ ಹೊರಡಿಸಿದರೇನು?

1922ರ ಅಕ್ಟೋಬರಿನಲ್ಲಿ ಸುಬ್ಬರಾವ್ ಬಾಸ್ಟನ್ ತಲುಪಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಆಳಾಗಿ ದುಡಿದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಡನೆ 1925ರಲ್ಲಿ ರೂಪಿಸಿದ ರಂಜಕ ಅಳೆಯುವ ವಿಧಾನ ಜಗತ್ತಿನಾದ್ಯಂತ ಬಳಕೆಗೆ ಬಂತು. 1929ರಲ್ಲಿ, ಜರ್ಮನಿಯ ಕಾರ್ಲ್ ಲೋಮನ್ ಅವರಂತೆಯೇ ಸ್ವತಂತ್ರವಾಗಿ, ಜೀವಕೋಶಗಳ ಇಂಧನವಾದ ಎಟಿಪಿಯನ್ನು ಈ ಜೋಡಿ ಗುರುತಿಸಿತು. ಇಷ್ಟಾದರೂ ಅಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. ಹಾರ್ವರ್ಡ್‌ನ ಈ ನಡೆಗೆ ಸಮರ್ಥನೆ ಹುಡುಕುವುದು ಕಷ್ಟ.

1940ರಲ್ಲಿ ಲೆಡರ್ಲಿ ಪ್ರಯೋಗಾಲಯ ಸೇರಿದರು. ಮುಂಬಯಿಯ ಗರ್ಭಿಣಿ ಗಿರಣಿ ಕಾರ್ಮಿಕರ ರಕ್ತಹೀನತೆಯನ್ನು ಯೀಸ್ಟ್ ಸಾರ ಗುಣಪಡಿಸುವುದನ್ನು ಲೂಸಿ ವಿಲ್ಸ್ ಅದಾಗಲೇ ಕಂಡಿದ್ದರು. ಆ ಅಜ್ಞಾತ ಅಂಶ ಫೋಲಿಕ್ ಆಮ್ಲವೇ. 1945ರಲ್ಲಿ ಸುಬ್ಬರಾವ್ ತಂಡ ಅದನ್ನು ಸಂಶ್ಲೇಷಿಸಿತು. ಸೋದರರನ್ನು ಕೊಂದ ರೋಗಕ್ಕೆ ಮದ್ದು ಸಿಕ್ಕಿತು. ಸೋದರರು ತೀರಿಕೊಂಡು ಎರಡು ದಶಕಗಳೇ ಸಂದಿದ್ದವು.

ಇದೇ ಆಮ್ಲ ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ ರೋಗವನ್ನು ಕೆರಳಿಸಿತು. ಮಜ್ಜೆಯಲ್ಲಿ ಅಂಕೆ ಮೀರಿದ ಕಣಗಳಿಗೂ ಅದೇ ಪೋಷಣೆ ತಾನೆ? ಸಿಡ್ನಿ ಫಾರ್ಬರ್ ಕೇಳಿದ ಮೇರೆಗೆ ಸುಬ್ಬರಾವ್ ತಂಡ ಅದರ ವಿರೋಧಿಯಾದ ಅಮಿನಾಪ್ಟೆರಿನ್ ಒದಗಿಸಿತು. 16 ಮಕ್ಕಳಲ್ಲಿ 10 ಮಂದಿಗೆ ತಾತ್ಕಾಲಿಕ ಉಪಶಮನ ದೊರೆತ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಸುಮಾರು ಎರಡು ತಿಂಗಳ ಬಳಿಕ, ಆಗಸ್ಟ್‌ನಲ್ಲಿ, ಸುಬ್ಬರಾವ್ ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು. ವಯಸ್ಸು 53. ಊರಿನಲ್ಲಿ ಬಿಟ್ಟುಬಂದ ಪತ್ನಿ ಶೇಷಗಿರಿಯವರನ್ನು 1922ರ ನಂತರ ಅವರು ಕಾಣಲೇ ಇಲ್ಲ. ಅಮಿನಾಪ್ಟೆರಿನ್‌ನ ಸೋದರ ಔಷಧ ಮೆಥೊಟ್ರೆಕ್ಸೇಟ್ ಇಂದಿಗೂ ರಕ್ತ ಕ್ಯಾನ್ಸರಿನ ಮಕ್ಕಳ ಚಿಕಿತ್ಸೆಯಲ್ಲಿದೆ. ಭಾರತದ ಅಂಚೆ ಇಲಾಖೆ ಅವರ ಹೆಸರಿನ ಚೀಟಿ ತಂದದ್ದು 1995ರಲ್ಲಿ, ಜನ್ಮಶತಮಾನೋತ್ಸವದ ವರ್ಷ.