ಚುಕ್ಕಾಣಿಗೆ ವಿವೇಕ ಕಲಿಸಿದ ಎಲ್ಮರ್ ಸ್ಪೆರಿ

ನಡುಗಡಲಿನಲ್ಲಿ ಹಡಗೊಂದು ಚುಕ್ಕಾಣಿಗಾರನ ಕೈ ಸೋಕದೆಯೇ ನಿಗದಿತ ದಿಕ್ಕಿಗೆ ಸಾಗುವುದು ಇಂದು ಯಾರಿಗೂ ಸೋಜಿಗವಲ್ಲ. ನೂರು ವರ್ಷಗಳ ಹಿಂದೆ ಇದನ್ನು ಸಾಧ್ಯವಾಗಿಸಿದ ಪ್ರಮುಖರಲ್ಲಿ ಅಮೆರಿಕದ ಎಲ್ಮರ್ ಆಂಬ್ರೋಸ್ ಸ್ಪೆರಿ ಒಬ್ಬರು.

1860ರ ಅಕ್ಟೋಬರ್ 12ರಂದು ನ್ಯೂಯಾರ್ಕ್ ರಾಜ್ಯದ ಸಿನ್ಸಿನೇಟಸ್ ಎಂಬ ಊರಿನಲ್ಲಿ ಜನಿಸಿದ ಸ್ಪೆರಿ ತಾಯಿಯ ಮುಖ ಕಂಡವರಲ್ಲ. ಹೆರಿಗೆಯ ತೊಡಕುಗಳಿಂದ ಆಕೆ ಅಸುನೀಗಿದ್ದರು. ಅಜ್ಜ-ಅಜ್ಜಿಯರ ಆಸರೆಯಲ್ಲಿ ಬೆಳೆದ ಅವರು ಯೌವನದಲ್ಲೇ ಶಿಕಾಗೋ ನಗರದಲ್ಲಿ ವಿದ್ಯುದ್ದೀಪಗಳ ಉದ್ಯಮ ಆರಂಭಿಸಿದರು. ಗಣಿಯಂತ್ರ, ಟ್ರಾಮ್ ಮುಂತಾದವುಗಳಲ್ಲೂ ಕೈಯಾಡಿಸಿದರು. ಕಡಲು ಅವರನ್ನು ಸೆಳೆದದ್ದು ಐವತ್ತರ ಹೊಸ್ತಿಲಲ್ಲಿ.

ಉಕ್ಕಿನ ಯುದ್ಧನೌಕೆಗಳಲ್ಲಿ ಅಯಸ್ಕಾಂತದ ದಿಕ್ಸೂಚಿ ದಾರಿ ತಪ್ಪಿಸುತ್ತಿತ್ತು. ವೇಗವಾಗಿ ತಿರುಗುವ ಬುಗುರಿ ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡದು. ಇದೇ ಗುಣಕ್ಕೆ ಭೂಭ್ರಮಣದ ಪ್ರಭಾವವನ್ನು ಬೆಸೆದರೆ ಅದು ನಿಜ ಉತ್ತರವನ್ನು ತೋರುತ್ತದೆ. ಈ ಗೈರೋ ದಿಕ್ಸೂಚಿಯನ್ನು ಮೊದಲು ರೂಪಿಸಿದ್ದು ಜರ್ಮನಿಯ ಅನ್‌ಷುಟ್ಸ್. ಸ್ಪೆರಿ 1910ರಲ್ಲಿ ಬ್ರೂಕ್ಲಿನ್‌ನಲ್ಲಿ ಕಂಪನಿ ಸ್ಥಾಪಿಸಿದರು; ಮರುವರ್ಷ ಅವರ ಉಪಕರಣ ಡೆಲವೇರ್ ಯುದ್ಧನೌಕೆಯನ್ನೇರಿತು. ಪೇಟೆಂಟ್ ವ್ಯಾಜ್ಯದಲ್ಲಿ ತಜ್ಞರಾಗಿದ್ದ ಐನ್‌ಸ್ಟೈನ್ 1915ರಲ್ಲಿ ಅನ್‌ಷುಟ್ಸ್ ಪರವಾಗಿ ಅಭಿಪ್ರಾಯ ನೀಡಿದರು. ಸ್ಪೆರಿಯವರ ಹೊಗಳಿಕೆಯ ನಡುವೆ ಈ ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ.

ಅವರ ನಿಜವಾದ ಹಿರಿಮೆ ಇರುವುದು ಚುಕ್ಕಾಣಿಯ ವಿಷಯದಲ್ಲಿ. ಸಾವಿರಾರು ಟನ್ ತೂಗುವ ಹಡಗು ಒಮ್ಮೆ ತಿರುಗತೊಡಗಿದರೆ ತಕ್ಷಣ ನಿಲ್ಲದು. ದಿಕ್ಕು ಸರಿಹೋಗುವವರೆಗೂ ಚುಕ್ಕಾಣಿಯನ್ನು ಒಂದೇ ಕಡೆಗೆ ಹಿಡಿದರೆ ಅದು ಗುರಿ ದಾಟಿ ಅತ್ತ ವಾಲುತ್ತದೆ, ಮತ್ತೆ ಇತ್ತ ವಾಲುತ್ತದೆ. ಪಯಣ ಹಾವಿನ ನಡಿಗೆಯಾಗುತ್ತದೆ. ಪಳಗಿದ ನಾವಿಕ ಹಾಗೆ ಮಾಡುವುದಿಲ್ಲ. ಹಡಗು ದಿಕ್ಕಿಗೆ ಬರುವ ಮೊದಲೇ ಚುಕ್ಕಾಣಿಯನ್ನು ಸಡಿಲಿಸಿ, ತುಸು ವಿರುದ್ಧವಾಗಿ ತಿರುಗಿಸುತ್ತಾನೆ. ಕೈಗಷ್ಟೇ ತಿಳಿದಿದ್ದ ಈ ವಿವೇಕವನ್ನು ಗಮನಿಸಿ ಸ್ಪೆರಿ ಅದನ್ನು ಯಂತ್ರಕ್ಕೆ ಇಳಿಸಿದರು. 1922ರಲ್ಲಿ ಜೆ. ಎ. ಮಾಫೆಟ್ ಎಂಬ ತೈಲವಾಹಕ ಹಡಗಿನಲ್ಲಿ ಅಳವಡಿಸಿದ ಈ ಗೈರೋಪೈಲಟ್‌ಗೆ ನಾವಿಕರಿಟ್ಟ ಅಡ್ಡಹೆಸರು 'ಮೆಟಲ್ ಮೈಕ್'.

ಅದೇ ವರ್ಷ ರಷ್ಯಾ ಮೂಲದ ನಿಕೊಲಾಸ್ ಮಿನೋರ್ಸ್ಕಿ ಈ ಕೌಶಲದ ಗಣಿತವನ್ನು ಪ್ರಕಟಿಸಿದರು. ದಿಕ್ಕು ಎಷ್ಟು ತಪ್ಪಿದೆ, ಎಷ್ಟು ವೇಗದಲ್ಲಿ ತಪ್ಪುತ್ತಿದೆ, ತಪ್ಪು ಎಷ್ಟು ಸಂಚಯವಾಗಿದೆ ಎಂಬ ಮೂರನ್ನೂ ತೂಗುವ ಆ ಸೂತ್ರ ಇಂದಿಗೂ ಹಡಗಿನಲ್ಲಷ್ಟೇ ಅಲ್ಲ, ಕಾರ್ಖಾನೆಗಳಲ್ಲೂ ಬಳಕೆಯಲ್ಲಿದೆ.

ಆದರೆ ಮೆಟಲ್ ಮೈಕ್ ಕಾಯುತ್ತಿದ್ದುದು ಹಡಗಿನ ಮುಖ ನೆಟ್ಟ ದಿಕ್ಕನ್ನು ಮಾತ್ರ, ಪಥವನ್ನಲ್ಲ. ಗಾಳಿ, ಸೆಳೆತಗಳು ಹಡಗನ್ನು ಪಕ್ಕಕ್ಕೆ ತಳ್ಳಿದರೆ ಯಂತ್ರಕ್ಕೆ ಅರಿವಾಗುತ್ತಿರಲಿಲ್ಲ. ಸ್ಥಾನ ಲೆಕ್ಕಹಾಕಿ ತಿದ್ದುವ ಹೊಣೆ ಅಧಿಕಾರಿಯ ಮೇಲೆಯೇ ಉಳಿಯಿತು. ನಕ್ಷೆಯ ಮೇಲಿನ ಗೆರೆಯನ್ನೇ ಹಿಡಿದು ಸಾಗುವ ನಿಯಂತ್ರಣ ಸಾಮಾನ್ಯವಾದದ್ದು ಉಪಗ್ರಹಗಳ ಕಾಲದಲ್ಲಿ.

ವಿಮಾನಗಳಿಗೂ ಗೈರೋ ಅಳವಡಿಸಿ 1914ರಲ್ಲಿ ಪ್ಯಾರಿಸ್ಸನ್ನು ಬೆರಗುಗೊಳಿಸಿದ್ದ ಮಗ ಲಾರೆನ್ಸ್ 1923ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಮುಳುಗಿ ಮೃತಪಟ್ಟರು. ಪುತ್ರಶೋಕದ ನಂತರವೂ ತಂದೆ ದುಡಿಮೆ ಬಿಡಲಿಲ್ಲ. 350ಕ್ಕೂ ಹೆಚ್ಚು ಪೇಟೆಂಟ್‌ಗಳ ಒಡೆಯರಾಗಿದ್ದ ಸ್ಪೆರಿ, ಪತ್ನಿ ಜೂಲಾ ತೀರಿಕೊಂಡ ಕೆಲವೇ ತಿಂಗಳಲ್ಲಿ, 1930ರ ಜೂನ್ 16ರಂದು ಬ್ರೂಕ್ಲಿನ್‌ನಲ್ಲಿ ನಿಧನರಾದರು.