ಫ್ಲಾರೆನ್ಸ್ ನೈಟಿಂಗೇಲ್ ಕೈಯಲ್ಲಿ ಇದ್ದದ್ದು ದೀಪ ಮಾತ್ರವೇ?

ಮೇ 12 ಬಂತೆಂದರೆ ಎಲ್ಲರ ವಾಟ್ಸಾಪ್‌ಗೂ ಒಂದೇ ಚಿತ್ರ. ಕತ್ತಲ ವಾರ್ಡು, ದೀಪ ಹಿಡಿದ ಮಹಿಳೆ, ನರ್ಸ್‌ಗಳ ದಿನದ ಶುಭಾಶಯ. ಜೊತೆಗೆ ಅವರೇ ಬರೆದರು ಎನ್ನಲಾಗುವ ಒಂದು ಪ್ರತಿಜ್ಞೆ. ಚಿತ್ರ ಸುಳ್ಳಲ್ಲ, ಆದರೆ ಅರ್ಧ ಕಥೆ. ಪ್ರತಿಜ್ಞೆಯ ವಿಷಯಕ್ಕೆ ಆಮೇಲೆ ಬರುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲ್ 1820ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿದರು. ಊರಿನ ಹೆಸರನ್ನೇ ಮಗಳಿಗೂ ಇಟ್ಟರು. ಸಿರಿವಂತ ಇಂಗ್ಲಿಷ್ ಕುಟುಂಬ, ಅಪ್ಪನೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. ಗಣಿತ ಎಂದರೆ ಬಲು ಇಷ್ಟ. ನರ್ಸ್ ಆಗುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ, ಆಗ ಅದು ಮರ್ಯಾದಸ್ಥರ ಕೆಲಸ ಆಗಿರಲಿಲ್ಲ.

1854ರ ನವೆಂಬರ್‌ನಲ್ಲಿ, ಕ್ರಿಮಿಯಾ ಯುದ್ಧದ ವೇಳೆ, 38 ನರ್ಸ್‌ಗಳ ತಂಡದೊಂದಿಗೆ ಈಗಿನ ಇಸ್ತಾನ್‌ಬುಲ್‌ನ ಸ್ಕುಟಾರಿ ಮಿಲಿಟರಿ ಆಸ್ಪತ್ರೆ ತಲುಪಿದರು. ಕೊಳಕು, ಇಲಿ, ಕಟ್ಟಿಕೊಂಡ ಚರಂಡಿ ಎಲ್ಲವೂ ಇದ್ದವು. ಇನ್ನೊಂದು ಅವ್ಯವಸ್ಥೆಯೂ ಇತ್ತು: ಸತ್ತವರ ಲೆಕ್ಕಕ್ಕೆ ಮೂರು ರಿಜಿಸ್ಟರ್, ಒಂದಕ್ಕೊಂದು ತಾಳೆ ಇಲ್ಲ. ಎಷ್ಟು ಜನ ಸತ್ತರು ಎಂದೇ ಗೊತ್ತಿಲ್ಲದ ಮೇಲೆ ಯಾಕೆ ಸತ್ತರು ಎಂದು ಹೇಳುವುದು ಹೇಗೆ?

ಅವರು ಬಂದ ಕೂಡಲೇ ಸಾವು ನಿಂತಿತು ಎಂಬ ಫಾರ್ವರ್ಡ್ ಕೂಡ ತಪ್ಪು. ಮೊದಲ ಚಳಿಗಾಲದಲ್ಲಿ ಸಾವು ಏರಿತು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ, ನೀರು, ಗಾಳಿ ಸರಿಪಡಿಸಿದ ಮೇಲೆ ಇಳಿಯಿತು. ಊರಿಗೆ ಮರಳಿದ ನೈಟಿಂಗೇಲ್ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಅಂಕಿಗಳನ್ನು ಜೋಡಿಸಿದರು: ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು. ಅದನ್ನು ಬಣ್ಣದ ಚಿತ್ರವಾಗಿಯೂ ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

ಲಂಡನ್ ಆಸ್ಪತ್ರೆಗಳ ಕಥೆಯೂ ಸ್ಕುಟಾರಿಯದೇ ಆಗಿತ್ತು. ಒಂದೊಂದು ಆಸ್ಪತ್ರೆ ಒಂದೊಂದು ರೀತಿಯಲ್ಲಿ ದಾಖಲೆ ಬರೆಯುತ್ತಿತ್ತು, ಒಂದೇ ರೋಗಕ್ಕೆ ಬೇರೆ ಬೇರೆ ಹೆಸರು. ಎಲ್ಲರೂ ಬಳಸಬಹುದಾದ ಒಂದೇ ನಮೂನೆಯನ್ನು ನೈಟಿಂಗೇಲ್ ಸಿದ್ಧಪಡಿಸಿದರು. 1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಅದನ್ನು ಒಪ್ಪಿತು. ಕೆಲವು ಆಸ್ಪತ್ರೆಗಳು ಬಳಸಿಯೂ ನೋಡಿದವು. ಆದರೆ ಅದು ಉಳಿಯಲಿಲ್ಲ. ತುಂಬುವುದಕ್ಕೆ ಸಮಯ, ಖರ್ಚು ಜಾಸ್ತಿ. ರೋಗಗಳನ್ನು ವಿಂಗಡಿಸಿದ ರೀತಿಗೇ ವೈದ್ಯರ ತಕರಾರು.

ನಮಗೆ ಅವರ ಗೆಲುವಿಗಿಂತ ಈ ಸೋಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನೇ ನೋಡಿ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಆಂಧ್ರ, ತಮಿಳುನಾಡಿನಿಂದಲೂ ಕಾಯಿಲೆಯವರು ಬರುತ್ತಾರೆ. ಅಂಥವರಲ್ಲೊಬ್ಬರು ಇಲ್ಲಿ ಕುಸಿದುಬಿದ್ದು ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಸೇರಿದರೆ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಡಾಕ್ಟರಿಗೆ ತಿಳಿಯುವುದು ಹೇಗೆ? ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಈ ಕೊರತೆ ತುಂಬಲೆಂದೇ 14 ಅಂಕಿಗಳ ಆಭಾ ಸಂಖ್ಯೆ ಬಂದಿರುವುದು. ಸಂಖ್ಯೆ ಕೊಡುವುದು ಸುಲಭ. ಒಂದು ಕಂಪ್ಯೂಟರ್ ಬರೆದದ್ದು ಇನ್ನೊಂದಕ್ಕೆ ಅರ್ಥವಾಗಬೇಕಲ್ಲ, ಕಷ್ಟ ಅಲ್ಲಿದೆ. ಕೌಂಟರಿನಲ್ಲಿ ಉದ್ದ ಕ್ಯೂ ಇರುವಾಗ ಎಲ್ಲ ಕಾಲಂ ತುಂಬುವವರು ಯಾರು ಎಂಬುದು 1860ರದೇ ಪ್ರಶ್ನೆ.

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೇನಾ ನೆಲೆಗಳಿಂದ ಬಂದ ವರದಿಗಳನ್ನು ಓದಿ, ಹಲಸೂರು ಕೆರೆಗೆ ಬಜಾರಿನ ಮತ್ತು ಕಂಟೋನ್ಮೆಂಟಿನ ಬಹುಪಾಲು ಕೊಳಚೆ ಸೇರುತ್ತದೆ, ಅದೇ ನೀರನ್ನು ಕುಡಿಯುತ್ತಾರೆ ಎಂದು ಎತ್ತಿ ತೋರಿಸಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು ಎಂಬುದೂ 1863ರ ಆ ವಿಚಾರಣೆಯಲ್ಲೇ ಹೊರಬಿತ್ತು. ಎಲ್ಲ ನೆಲೆಗಳಿಗೂ ಒಂದೇ ಪ್ರಶ್ನಾವಳಿ ಹೋಗಿದ್ದರಿಂದ ಬೆಂಗಳೂರನ್ನು ಬೇರೆ ಊರಿನ ಜೊತೆ ಹೋಲಿಸಿ ನೋಡಲು ಆಯಿತು.

ದಾಖಲೆ ಒಂದು ಕಡೆ ಸೇರಿದರೆ ಕಳ್ಳರಿಗೂ ಅನುಕೂಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಅಷ್ಟು ದೊಡ್ಡ ಆಸ್ಪತ್ರೆ ಎಷ್ಟೋ ದಿನ ಪೆನ್ನು ಕಾಗದದಲ್ಲೇ ನಡೆಯಿತು. ಸರ್ವರ್ ಕಾಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅತ್ತೆಯ ಸ್ಕ್ಯಾನಿಂಗ್ ರಿಪೋರ್ಟನ್ನು ಕುಟುಂಬದ ಗ್ರೂಪಿಗೆ ಹಾಕುವವರು, ಆಭಾ ಹೆಸರಿನಲ್ಲಿ ಕರೆ ಬಂದಾಗ ಓಟಿಪಿ ಹೇಳುವವರು ನಾವೇ. 1859ರ ತಮ್ಮ ನರ್ಸಿಂಗ್ ಪುಸ್ತಕದಲ್ಲಿ ನೈಟಿಂಗೇಲ್ ಇದಕ್ಕೊಂದು ನಿಯಮ ಇಟ್ಟಿದ್ದರು: ನರ್ಸ್ ಹರಟೆಮಲ್ಲಿ ಆಗಿರಬಾರದು, ರೋಗಿಯ ಬಗ್ಗೆ ಕೇಳುವ ಹಕ್ಕಿರುವವರಿಗೆ ಮಾತ್ರ ಉತ್ತರಿಸಬೇಕು. ಯಾರು ನೋಡಬಹುದು, ಯಾರು ನೋಡಬಾರದು ಎಂದು ಇವತ್ತಿನ ಸಾಫ್ಟ್‌ವೇರ್ ಕೇಳುವುದೂ ಅದನ್ನೇ.

ಇನ್ನು ಆ ಪ್ರತಿಜ್ಞೆ. ರೋಗಿಯ ಗುಟ್ಟು ಕಾಯುವ ಮಾತು ಅದರಲ್ಲಿದೆ, ನಿಜ. ಆದರೆ ಬರೆದದ್ದು ನೈಟಿಂಗೇಲ್ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದ ಸಮಿತಿ ಅದನ್ನು ರಚಿಸಿ ಅವರ ಹೆಸರಿಟ್ಟಿತು. ನೈಟಿಂಗೇಲ್ ಆಗಿನ್ನೂ ಬದುಕಿದ್ದರು. ತೀರಿಕೊಂಡದ್ದು 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ. ಮುಂದಿನ ಮೇ 12ಕ್ಕೆ ಆ ಪ್ರತಿಜ್ಞೆ ಮತ್ತೆ ಬರುತ್ತದೆ. ಫಾರ್ವರ್ಡ್ ಮಾಡಿ, ತೊಂದರೆಯಿಲ್ಲ, ಬರೆದವರ ಹೆಸರು ಮಾತ್ರ ತಿದ್ದಿ ಕಳಿಸಿ.