ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (19 ಮಾರ್ಚ್ 1876 – 4 ಜುಲೈ 1955) ಧಾರವಾಡದಲ್ಲಿ ಜನಿಸಿದ ಭಾರತೀಯ ಕ್ರಿಕೆಟ್ ಆಟಗಾರ. ಎಡಗೈ ಸ್ಪಿನ್ ಬೌಲರ್ ಆಗಿದ್ದ ಇವರು ಪ್ರಥಮ ದರ್ಜೆ ಕ್ರಿಕೆಟ್‌ನ 33 ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್‌ಗಳನ್ನು ಪಡೆದರು. ದಲಿತ ಸಮುದಾಯದಿಂದ ಬಂದು ದೇಶದಾದ್ಯಂತ ಹೆಸರಾದ ಮೊದಲ ಕ್ರೀಡಾಪಟುಗಳಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಬಾಲೂ ಅವರ ಕುಟುಂಬವು ಅಂದು ಅಸ್ಪೃಶ್ಯವೆಂದು ಪರಿಗಣಿಸಲಾಗಿದ್ದ ಚಮ್ಮಾರ ಸಮುದಾಯಕ್ಕೆ ಸೇರಿತ್ತು. ಕೊಂಕಣದ ಪಲ್ವಣ ಗ್ರಾಮದಿಂದ ಮನೆತನದ ಹೆಸರು ಬಂದಿದೆ. ತಂದೆ ಸೈನ್ಯದ ಸೇವೆಯಲ್ಲಿದ್ದುದರಿಂದ ಬಾಲೂ ಪುಣೆಯಲ್ಲಿ ಬೆಳೆದರು. ಅಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ ಮತ್ತು ಪಿಚ್ ಸಮತಟ್ಟು ಮಾಡುವ ಕೆಲಸಕ್ಕೆ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಸೇರಿದರು. ಅನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ಕೆಲಸ ಮಾಡುತ್ತ, ಜೆ. ಜಿ. ಗ್ರೆಗ್ ಮುಂತಾದ ಆಟಗಾರರಿಗೆ ಅಭ್ಯಾಸಕ್ಕಾಗಿ ಬೌಲಿಂಗ್ ಮಾಡಿ ಪರಿಣತಿ ಗಳಿಸಿದರು. ಬ್ಯಾಟಿಂಗ್ ಅಭ್ಯಾಸದ ಅವಕಾಶ ಮಾತ್ರ ಅವರಿಗೆ ದೊರೆಯಲಿಲ್ಲ.

ಕ್ರಿಕೆಟ್ ಜೀವನ

ಪುಣೆಯ ಹಿಂದೂ ತಂಡವು ಇವರನ್ನು ಆಯ್ಕೆ ಮಾಡಿತಾದರೂ ಮೈದಾನದ ಹೊರಗೆ ಭೇದಭಾವ ಮುಂದುವರಿಯಿತು. ಸಹ ಆಟಗಾರರು ಪೆವಿಲಿಯನ್ ಒಳಗೆ ಚಹಾ ಸೇವಿಸುವಾಗ ಇವರಿಗೆ ಹೊರಗೆ, ಮಣ್ಣಿನ ಲೋಟದಲ್ಲಿ ಕೊಡಲಾಗುತ್ತಿತ್ತು. ಬೊಂಬಾಯಿಗೆ ತೆರಳಿದ ಬಳಿಕ ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದ ಪಂದ್ಯದಲ್ಲಿ ಇವರ ಬೌಲಿಂಗ್ ನಿರ್ಣಾಯಕವಾಯಿತು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ತಂಡದೊಂದಿಗೆ ಇಂಗ್ಲೆಂಡ್ ಪ್ರವಾಸ ಕೈಗೊಂಡು, ಎಲ್ಲ ಪಂದ್ಯಗಳೂ ಸೇರಿ 18.84ರ ಸರಾಸರಿಯಲ್ಲಿ 114 ವಿಕೆಟ್‌ಗಳನ್ನು ಪಡೆದರು.

ಹಿರಿಯ ಆಟಗಾರರಾಗಿದ್ದರೂ ಹಿಂದೂ ತಂಡದ ನಾಯಕತ್ವ ಇವರಿಗೆ ದೊರೆಯಲಿಲ್ಲ. 1920ರಲ್ಲಿ ಈ ವಿವಾದ ತೀವ್ರಗೊಂಡು, ಸಹೋದರರಾದ ಶಿವರಾಮ್ ಮತ್ತು ವಿಠಲ್ ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದರು. ಅನಂತರ ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಲಾಯಿತು. 1923ರಲ್ಲಿ ವಿಠಲ್ ತಂಡದ ನಾಯಕರಾದರು.

ಅಂಕಿ-ಅಂಶಗಳು ಮತ್ತು ಶ್ರೇಯಾಂಕ

ಸರಾಸರಿಯ ಆಧಾರದ ಮೇಲೆ ಶ್ರೇಷ್ಠರ ಪಟ್ಟಿ ಮಾಡುವಾಗ ಕನಿಷ್ಠ ಮಿತಿಯೊಂದನ್ನು ನಿಗದಿಪಡಿಸುವುದು ರೂಢಿ. ಕೆಲವೇ ಅವಕಾಶಗಳಿಂದ ಬಂದ ಸರಾಸರಿಯಲ್ಲಿ ಆಕಸ್ಮಿಕದ ಪಾಲು ಹೆಚ್ಚಿರುವುದೇ ಇದಕ್ಕೆ ಕಾರಣ. 1948ರಲ್ಲಿ ವೆಸ್ಟ್ ಇಂಡೀಸ್ ಪರ ಒಂದೇ ಟೆಸ್ಟ್ ಇನ್ನಿಂಗ್ಸ್ ಆಡಿದ ಆಂಡಿ ಗ್ಯಾಂಟೋಮ್ ಅವರ ಸರಾಸರಿ 112. ಮಿತಿಯಿಲ್ಲದಿದ್ದರೆ ಅವರು 99.94 ಸರಾಸರಿಯ ಡೊನಾಲ್ಡ್ ಬ್ರಾಡ್ಮನ್ ಅವರಿಗಿಂತ ಮೇಲಿನ ಸ್ಥಾನದಲ್ಲಿರುತ್ತಾರೆ.

ಬಾಲೂ ಅವರ ವಿಷಯದಲ್ಲಿ ಇದೇ ನಿಯಮದ ಇನ್ನೊಂದು ಮುಖ ಕಾಣುತ್ತದೆ. ಮಿತಿಯನ್ನು 100 ವಿಕೆಟ್‌ಗಳಿಗೆ ಇಟ್ಟರೆ ಅವರು ಪಟ್ಟಿಗೆ ಅರ್ಹರು. 200ಕ್ಕೆ ಇಟ್ಟರೆ ಹೆಸರೇ ಇರುವುದಿಲ್ಲ. ಪ್ರತಿ ಪಂದ್ಯಕ್ಕೆ ಐದಕ್ಕಿಂತ ಹೆಚ್ಚು ವಿಕೆಟ್ ಪಡೆದ ಈ ದಾಖಲೆಯನ್ನು ಆಕಸ್ಮಿಕವೆನ್ನಲಾಗದು. ರಣಜಿ ಟ್ರೋಫಿ 1934ರಲ್ಲಷ್ಟೇ ಆರಂಭವಾಯಿತು. ಅದಕ್ಕೆ ಮೊದಲು ಭಾರತದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಪ್ರಥಮ ದರ್ಜೆ ಪಂದ್ಯಗಳು ಮಾತ್ರ ನಡೆಯುತ್ತಿದ್ದವು. ಬಾಲೂ ಆ ದರ್ಜೆಗೆ ಕಾಲಿಟ್ಟದ್ದು ಸುಮಾರು 30ರ ವಯಸ್ಸಿನಲ್ಲಿ. ಆದ್ದರಿಂದ ಅವರ ಸರಾಸರಿಯನ್ನು ಪಂದ್ಯಗಳ ಸಂಖ್ಯೆಯೊಂದಿಗೆ, ಆ ಸಂಖ್ಯೆ ಕಡಿಮೆಯಾದ ಕಾರಣಗಳೊಂದಿಗೆ ಓದಬೇಕಾಗುತ್ತದೆ.

ರಾಜಕೀಯ ಮತ್ತು ನಿಧನ

1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಒಬ್ಬರು. 1937ರ ಬೊಂಬಾಯಿ ಪ್ರಾಂತ್ಯದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಬಿ. ಆರ್. ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿ ಪರಾಭವಗೊಂಡರು. ಅಂಬೇಡ್ಕರ್ ಅವರಿಗೆ 13,245 ಮತಗಳೂ ಬಾಲೂ ಅವರಿಗೆ 11,225 ಮತಗಳೂ ದೊರೆತವು. 1955ರ ಜುಲೈ 4ರಂದು ಬೊಂಬಾಯಿಯಲ್ಲಿ ನಿಧನರಾದರು.